ಕಡಲೊಳಗೂ ಜನಸಂದಣಿ: ಹವಳದ ದಿಬ್ಬಕ್ಕೆ ದಿನಕ್ಕೆ ಎಷ್ಟು ಮಂದಿ ಇಳಿಯಬಹುದು?

ನೀಲಗಿರಿಯ ಸದಸ್ಯರಿಗೆ ಇ-ಪಾಸ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. ಮರುವರ್ಷದ ಬೇಸಿಗೆಗೆ ನ್ಯಾಯಾಲಯ ಸಂಖ್ಯೆಯನ್ನೂ ಗೊತ್ತುಮಾಡಿತು: ವಾರದ ದಿನಗಳಲ್ಲಿ 6,000 ವಾಹನ, ವಾರಾಂತ್ಯದಲ್ಲಿ 8,000. ಬೆಟ್ಟಕ್ಕೆ ಸ್ವಲ್ಪ ಉಸಿರಾಡಲು ಬಿಡಿ ಎಂದವರು ಇದ್ದರು. ಸೀಸನ್ನಿನ ವ್ಯಾಪಾರ ಹೋಯಿತೆಂದು ಅಂಗಡಿ ಬಾಗಿಲು ಹಾಕಿ ಪ್ರತಿಭಟಿಸಿದವರೂ ಇದ್ದರು. ಇಬ್ಬರ ಮಾತಿನಲ್ಲೂ ಸತ್ಯವಿತ್ತು.

ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಂತರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನೀರಿನೊಳಗಿನ ನೂಕುನುಗ್ಗಲು ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ಸ್ಕೂಬಾ ಡೈವಿಂಗ್ ಈಗ ನಮ್ಮವರಿಗೂ ದೂರದ ಮಾತಲ್ಲ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯಿಂದ ರಜೆಗೆ ಮಾಲ್ವಣಕ್ಕೆ ಹೋದವರು, ಗೋವಾದಲ್ಲೇ ನೆಲೆಸಿದವರು, ಮುರುಡೇಶ್ವರದ ದರ್ಶನ ಮುಗಿಸಿ ನೇತ್ರಾಣಿಗೆ ಬೋಟು ಹತ್ತಿದವರು ನಮ್ಮ ನಡುವೆಯೇ ಇದ್ದಾರೆ. ಪುನೀತ್ ರಾಜ್‌ಕುಮಾರ್ ಅವರ ಕೊನೆಯ ಚಿತ್ರ, 2022ರ ‘ಗಂಧದ ಗುಡಿ’ಯಲ್ಲಿ ಕಡಲೊಳಗಿನ ದೃಶ್ಯಗಳನ್ನು ಕಂಡಮೇಲೆ ‘ನಾವೂ ಒಮ್ಮೆ ಇಳಿದು ನೋಡಬೇಕು’ ಎಂದುಕೊಂಡವರು ಇನ್ನೂ ಎಷ್ಟೋ ಮಂದಿ.

ಹಾಗಾದರೆ ಒಂದು ಹವಳದ ದಿಬ್ಬ ಎಷ್ಟು ಜನರನ್ನು ತಾಳಿಕೊಳ್ಳುತ್ತದೆ? ಆ ಸಂಖ್ಯೆಯನ್ನು ಯಾರು, ಹೇಗೆ ನಿಗದಿ ಮಾಡುತ್ತಾರೆ? ಅದರ ಹೊರೆ ಯಾರ ಮೇಲೆ ಬೀಳುತ್ತದೆ? ಈ ಪ್ರಶ್ನೆಗಳಿಗೆ ಮೂವತ್ತು ನಲವತ್ತು ವರ್ಷಗಳಿಂದ ಉತ್ತರ ಹುಡುಕುತ್ತಿರುವ ಕೆಲವು ಊರುಗಳ ಅನುಭವ ಇಲ್ಲಿದೆ.

ಹವಳಕ್ಕೆ ಆಗುವುದೇನು?

ಹವಳ ಕಲ್ಲಿನಂತೆ ಕಂಡರೂ ಕಲ್ಲಲ್ಲ, ಗಿಡದಂತೆ ಕಂಡರೂ ಗಿಡವಲ್ಲ. ಅದು ಪಾಲಿಪ್ ಎಂಬ ಪುಟ್ಟ ಪ್ರಾಣಿಗಳು ಒತ್ತೊತ್ತಾಗಿ ಕೂಡಿ ಬಾಳುವ ಒಂದು ವಠಾರ. ಒಂದೊಂದು ಪಾಲಿಪ್ ತನ್ನ ಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೂ ಉಣಿಸುತ್ತದೆ. ಕೊಂಬೆಕೊಂಬೆಯಾಗಿ ಬೆಳೆಯುವ ಹವಳ ವರ್ಷಕ್ಕೆ ಸುಮಾರು 10 ಸೆಂಟಿಮೀಟರ್ ಬೆಳೆಯಬಲ್ಲದು. ಬಂಡೆಯಂತೆ ಗುಂಡಗೆ ಬೆಳೆಯುವ ಜಾತಿಗಳು ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಎಂದರೆ, ಒಂದು ಒದೆತಕ್ಕೆ ಮುರಿದ ಮೊಳದುದ್ದದ ಕೊಂಬೆ ಮತ್ತೆ ಅಷ್ಟಾಗಲು ನಾಲ್ಕೈದು ವರ್ಷ ಬೇಕು. ಆಳೆತ್ತರದ ಬಂಡೆಹವಳ ಒಂದೂವರೆ ಶತಮಾನದ ದುಡಿಮೆ.

ಡೈವರ್‌ಗಳಿಂದ ಹಾನಿಯಾಗುವುದು ಮುಖ್ಯವಾಗಿ ನಾಲ್ಕು ಬಗೆಯಲ್ಲಿ. ಕಾಲಿಗೆ ತೊಟ್ಟ ಉದ್ದನೆಯ ಫಿನ್ ಹವಳಕ್ಕೆ ಬಡಿಯುವುದು ಮೊದಲನೆಯದು. ತೊಟ್ಟವರಿಗೆ ಅದು ಬಡಿದದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ತಳದ ಮರಳು ಎದ್ದು ಪಾಲಿಪ್‌ಗಳ ಮೇಲೆ ಕೂರುವುದು ಎರಡನೆಯದು. ಆಯ ತಪ್ಪಿದಾಗ ಅಥವಾ ಫೋಟೊ ತೆಗೆಯುವಾಗ ಕೈಗೆ ಸಿಕ್ಕ ಹವಳವನ್ನು ಹಿಡಿದುಕೊಳ್ಳುವುದು ಮೂರನೆಯದು. ನಾಲ್ಕನೆಯದು ನೀರಿಗಿಳಿಯುವ ಮೊದಲೇ ಆಗುವಂಥದ್ದು: ಬೋಟಿನ ಲಂಗರು ನೇರ ಹವಳದ ಮೇಲೆ ಬೀಳುವುದು. ಲಂಗರು ಒಂದೇ ಆದರೂ, ಅದರ ಸರಪಳಿ ಅಲೆಗೆ ಎಳೆದಾಡಿದಾಗ ಸುತ್ತಲಿನ ಜಾಗವನ್ನೆಲ್ಲ ಉತ್ತು ಹಾಕುತ್ತದೆ.

ಇವುಗಳಲ್ಲಿ ಯಾವುದೂ ಒಂದು ಸಲ ಆದರೆ ದೊಡ್ಡ ಅನಾಹುತವಲ್ಲ. ಮುರಿದ ಕಡೆ ಹವಳ ಮತ್ತೆ ಚಿಗುರುತ್ತದೆ. ಗಾಯ ಮಾಯುವ ವೇಗಕ್ಕಿಂತ ಗಾಯವಾಗುವ ವೇಗ ಹೆಚ್ಚಾದಾಗ ಮಾತ್ರ ದಿಬ್ಬ ಸೋಲುತ್ತದೆ. ಮಿತಿಯ ಮಾತು ಹುಟ್ಟುವುದೇ ಅಲ್ಲಿ.

ಎಷ್ಟಾದರೆ ಹೆಚ್ಚು?

ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪದಲ್ಲಿ 1990ರ ದಶಕದ ಆರಂಭದಲ್ಲಿ ಸಂಶೋಧಕರು ಈ ಲೆಕ್ಕ ಹಾಕಿದರು. ಒಂದು ಡೈವಿಂಗ್ ತಾಣದಲ್ಲಿ ವರ್ಷಕ್ಕೆ 4,000ದಿಂದ 6,000 ಡೈವ್‌ಗಳ ತನಕ ಹಾನಿ ಅಷ್ಟಾಗಿ ಕಾಣಲಿಲ್ಲ. ಅದನ್ನು ದಾಟಿದಲ್ಲಿ ಹವಳ ಏಕಾಏಕಿ ಕುಸಿಯತೊಡಗಿತು. 1997ರಲ್ಲಿ ಜೂಲಿ ಹಾಕಿನ್ಸ್ ಮತ್ತು ಕ್ಯಾಲಮ್ ರಾಬರ್ಟ್ಸ್ ಈಜಿಪ್ಟಿನ ಕೆಂಪು ಸಮುದ್ರ ತೀರದ ತಾಣಗಳನ್ನೂ ಸೇರಿಸಿ ನೋಡಿ, ವರ್ಷಕ್ಕೆ 5,000ದಿಂದ 6,000 ಎಂಬ ಅಂದಾಜಿಗೆ ಬಂದರು. ಇಲ್ಲಿ ಡೈವ್ ಎಂದರೆ ಒಬ್ಬರು ಒಮ್ಮೆ ಇಳಿದು ಬರುವುದು. ಒಬ್ಬರೇ ದಿನಕ್ಕೆ ಎರಡು ಸಲ ಇಳಿದರೆ ಎರಡು ಡೈವ್.

ಈ ಸಂಖ್ಯೆಯನ್ನು ನಮ್ಮ ಕರಾವಳಿಯ ಲೆಕ್ಕಕ್ಕೆ ತಂದು ನೋಡಿ. ಮಳೆಗಾಲದಲ್ಲಿ ಅರಬ್ಬಿ ಸಮುದ್ರಕ್ಕೆ ಯಾರೂ ಇಳಿಯುವುದಿಲ್ಲ. ಅಕ್ಟೋಬರಿನಿಂದ ಮೇ ತನಕ, ಗಾಳಿ ಅಲೆ ಜೋರಾಗಿರುವ ದಿನಗಳನ್ನು ಬಿಟ್ಟರೆ, ಸಿಗುವುದು ಸುಮಾರು 200 ದಿನ. 5,000ವನ್ನು 200ರಿಂದ ಭಾಗಿಸಿದರೆ ಒಂದು ತಾಣಕ್ಕೆ ದಿನಕ್ಕೆ 25 ಡೈವ್. ಎರಡು ಬೋಟು ತುಂಬ ಜನ ಬಂದರೆ ಅಂದಿನ ಲೆಕ್ಕ ಮುಗಿಯಿತು. ಡಿಸೆಂಬರಿನ ಕೊನೆಯ ವಾರ ಮಾಲ್ವಣವನ್ನು ಕಂಡವರಿಗೆ ಈ 25 ಎಷ್ಟು ಸಣ್ಣ ಸಂಖ್ಯೆ ಎಂದು ಬೇರೆ ಹೇಳಬೇಕಿಲ್ಲ.

ಆದರೆ ಈ ಸಂಖ್ಯೆ ಶಿಲಾಶಾಸನವಲ್ಲ. ಕಡಿದಾದ ಗೋಡೆಯಂಥ ದಿಬ್ಬದಲ್ಲಿ ಡೈವರ್ ಗೋಡೆಯಿಂದ ದೂರ ತೇಲಿಕೊಂಡಿರಬಹುದು; ತಗಲುವುದು ಕಡಿಮೆ. ಸಮತಟ್ಟಾದ, ಆಳವಿಲ್ಲದ ಜಾಗದಲ್ಲಿ ಮೊದಲ ಸಲ ಇಳಿದವರೇ ತುಂಬಿದ್ದರೆ ಅದಕ್ಕಿಂತ ಕಡಿಮೆ ಜನರಿಂದಲೂ ಹಾನಿಯಾಗುತ್ತದೆ. ಎಷ್ಟು ಜನ ಎನ್ನುವುದರ ಜೊತೆಗೆ ಎಂಥವರು, ಎಲ್ಲಿ, ಯಾರ ನಿಗಾದಲ್ಲಿ ಎನ್ನುವುದನ್ನೂ ಕೇಳಬೇಕಾಗುತ್ತದೆ.

ಸಿಪಾಡಾನ್: ಹೋಟೆಲುಗಳನ್ನೇ ಎಬ್ಬಿಸಿದ ದ್ವೀಪ

ಮಿತಿಯ ಮಾತು ಬಂದಾಗ ಡೈವಿಂಗ್ ಲೋಕದಲ್ಲಿ ಮೊದಲು ಕೇಳಿಬರುವ ಹೆಸರು ಮಲೇಷ್ಯದ ಸಿಪಾಡಾನ್. ಬೋರ್ನಿಯೊ ದ್ವೀಪದ ಸಬಾ ರಾಜ್ಯದ ಕರಾವಳಿಯಾಚೆ, ಸೆಂಪೋರ್ನ ಎಂಬ ಊರಿನಿಂದ ಬೋಟಿನಲ್ಲಿ ಹೋಗಬೇಕಾದ ಪುಟ್ಟ ನಡುಗಡ್ಡೆ. ನೀರಿನ ಮೇಲೆ ಕಾಣುವುದು ಬೆರಳೆಣಿಕೆಯ ಹೆಕ್ಟೇರ್ ನೆಲ. ಕೆಳಗೆ ಅದು ಸುಮಾರು 600 ಮೀಟರ್ ಆಳದ ಸಮುದ್ರ ತಳದಿಂದ ಕಂಬದಂತೆ ಎದ್ದು ನಿಂತಿದೆ. ದಡದಿಂದ ನಾಲ್ಕು ಹೆಜ್ಜೆ ಇಟ್ಟರೆ ಪಾತಾಳ. ಆಮೆಗಳು, ಸುಂಟರಗಾಳಿಯಂತೆ ಸುತ್ತುವ ಮೀನಿನ ಹಿಂಡುಗಳು ಅಲ್ಲಿನ ಆಕರ್ಷಣೆ. ಫ್ರಾನ್ಸಿನ ಸಾಗರ ಪರಿಶೋಧಕ ಜಾಕ್ ಕುಸ್ತೋ 1989ರಲ್ಲಿ ಅಲ್ಲಿ ಚಿತ್ರೀಕರಿಸಿದ ಸಾಕ್ಷ್ಯಚಿತ್ರ ಪ್ರಸಾರವಾದಮೇಲೆ ಜಗತ್ತಿನ ಡೈವರ್‌ಗಳೆಲ್ಲ ಅತ್ತ ಹೊರಟರು. ದ್ವೀಪದ ಮೇಲೆಯೇ ರೆಸಾರ್ಟುಗಳು ಎದ್ದವು. ಅಷ್ಟು ಸಣ್ಣ ಜಾಗದಲ್ಲಿ ಕುಡಿಯುವ ನೀರು, ಶೌಚಾಲಯದ ಕೊಳಚೆ, ಕಸ ಎಲ್ಲವೂ ತಲೆನೋವಾದವು.

ಗಡಿನಾಡಿನ ನಮಗೆ ಸಿಪಾಡಾನ್ ಇನ್ನೊಂದು ಕಾರಣಕ್ಕೂ ಆಸಕ್ತಿಕರ. ಅದು ತನ್ನದೆಂದು ಇಂಡೊನೇಷ್ಯ ಮತ್ತು ಮಲೇಷ್ಯ ವರ್ಷಗಟ್ಟಲೆ ವಾದಿಸಿದವು. ಕೊನೆಗೆ ವಿಷಯ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2002ರ ಡಿಸೆಂಬರ್ 17ರಂದು ತೀರ್ಪು ಮಲೇಷ್ಯದ ಪರವಾಗಿ ಬಂತು. ಹಳೆಯ ಒಪ್ಪಂದಗಳಿಂದ ಪ್ರಶ್ನೆ ಬಗೆಹರಿಯಲಿಲ್ಲ. ನ್ಯಾಯಾಲಯ ನೋಡಿದ್ದು ಆ ಜಾಗವನ್ನು ನಿಜವಾಗಿ ನೋಡಿಕೊಂಡವರು ಯಾರು ಎಂದು. ಆಮೆಯ ಮೊಟ್ಟೆ ಸಂಗ್ರಹಕ್ಕೆ ಹಾಕಿದ್ದ ಕಟ್ಟಳೆ, 1933ರಲ್ಲಿ ಸಿಪಾಡಾನನ್ನು ಪಕ್ಷಿಧಾಮವೆಂದು ಘೋಷಿಸಿದ್ದು, 1960ರ ದಶಕದ ದೀಪಸ್ತಂಭ, ಇವೇ ಆಡಳಿತದ ಗುರುತುಗಳಾಗಿ ಎಣಿಕೆಗೆ ಬಂದವು.

ಇದಾದ ಎರಡು ವರ್ಷಕ್ಕೆ, 2004ರ ಕೊನೆಯೊಳಗೆ, ದ್ವೀಪದ ಮೇಲಿನ ರೆಸಾರ್ಟುಗಳನ್ನೆಲ್ಲ ತೆರವು ಮಾಡಿಸಲಾಯಿತು. ಆಮೇಲೆ ದಿನಕ್ಕೆ 120 ಪರ್ಮಿಟ್ ಎಂಬ ನಿಯಮ ನೆಲೆಗೊಂಡಿತು. ಪರ್ಮಿಟ್ಟುಗಳನ್ನು ಡೈವಿಂಗ್ ಸಂಸ್ಥೆಗಳಿಗೆ ಹಂಚಲಾಗುತ್ತದೆ. ಪ್ರವಾಸಿಗರು ಸೆಂಪೋರ್ನದಲ್ಲೋ ಪಕ್ಕದ ಮಾಬುಲ್, ಕಪಾಲೈಗಳಲ್ಲೋ ಉಳಿದು, ಬೆಳಿಗ್ಗೆ ಬಂದು ಸಂಜೆಯೊಳಗೆ ಮರಳಬೇಕು. ತಿಂಗಳುಗಟ್ಟಲೆ ಮುಂಚೆ ಕಾದಿರಿಸದಿದ್ದರೆ ಪರ್ಮಿಟ್ ಸಿಗುವುದು ಕಷ್ಟ. ಮುಂದೆ ಈ ಸಂಖ್ಯೆಯನ್ನು 178ಕ್ಕೆ ಏರಿಸಲಾಯಿತು. ವರ್ಷದಲ್ಲಿ ಒಂದು ತಿಂಗಳು ತಾಣವನ್ನು ಮುಚ್ಚಿ ವಿಶ್ರಾಂತಿ ಕೊಡುವ ಪದ್ಧತಿಯೂ ಬಂತು.

ಈಗ ಹಿಂದಿನ ಲೆಕ್ಕದೊಂದಿಗೆ ಇದನ್ನು ಹೋಲಿಸಿ. 120 ಮಂದಿ ದಿನಕ್ಕೆ ಎರಡೇ ಸಲ ಇಳಿದರೂ ವರ್ಷಕ್ಕೆ 87,600 ಡೈವ್. ಅಲ್ಲಿರುವ ಹನ್ನೆರಡರ ಆಸುಪಾಸಿನ ತಾಣಗಳಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ 7,300. ಜಗತ್ತಿನ ಅತಿ ಬಿಗಿಯಾದ ಮಿತಿಗಳಲ್ಲೊಂದು ಎನ್ನಿಸಿಕೊಂಡದ್ದೇ ಸಂಶೋಧಕರ 5,000-6,000ದ ಗೆರೆಯನ್ನು ದಾಟುತ್ತದೆ. ಕಡಿದಾದ ಗೋಡೆಯ ದಿಬ್ಬ, ಅನುಭವಿ ಡೈವರ್‌ಗಳು ಎಂಬ ಕಾರಣಕ್ಕೆ ಅದು ನಡೆದೀತು. ಆದರೆ ಒಂದಂತೂ ಸ್ಪಷ್ಟ: ಇಂಥ ಸಂಖ್ಯೆಗಳು ಬರೀ ವಿಜ್ಞಾನದಿಂದ ಬರುವುದಿಲ್ಲ. ದಿಬ್ಬ ಏನು ತಾಳೀತು, ಊರು ಏನು ಒಪ್ಪೀತು, ಇವೆರಡರ ನಡುವಿನ ರಾಜಿಯಿಂದ ಬರುತ್ತವೆ.

ಸಿಪಾಡಾನ್ ಕಲಿಸುವ ಇನ್ನೊಂದು ಪಾಠವೂ ಇದೆ. ರೆಸಾರ್ಟುಗಳು ಹೋದವು, ಆದರೆ ಪ್ರವಾಸಿಗರು ಹೋಗಲಿಲ್ಲ. ಹಾಸಿಗೆಗಳು ಪಕ್ಕದ ದ್ವೀಪಗಳಿಗೆ ಸರಿದವು. ಒಂದು ಕಡೆ ಬಾಗಿಲು ಹಾಕಿದರೆ ಗದ್ದಲ ಪಕ್ಕದ ಮನೆಗೆ ಹೋಗುತ್ತದೆ. ಒಂದೇ ತಾಣಕ್ಕೆ ಮಿತಿ ಹಾಕುವಾಗ ಸುತ್ತಲಿನ ತಾಣಗಳನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಕೆಲಸ ಅರ್ಧವೇ ಆದಂತೆ. 2006ರ ಮೇ ತಿಂಗಳಲ್ಲಿ, ಮಿತಿ ಜಾರಿಯಲ್ಲಿದ್ದಾಗಲೇ, ಕಟ್ಟಡ ಸಾಮಗ್ರಿ ಹೊತ್ತು ತಂದ ಒಂದು ಬಾರ್ಜು ದಿಬ್ಬದ ಮೇಲೇರಿ ಹವಳವನ್ನು ಪುಡಿಮಾಡಿತು. ಡೈವರ್‌ಗಳನ್ನು ಒಬ್ಬೊಬ್ಬರಾಗಿ ಎಣಿಸುತ್ತಿದ್ದ ಜಾಗದಲ್ಲಿ ಹಾನಿ ಬಂದದ್ದು ಎಣಿಕೆಗೆ ಸಿಗದ ಕಡೆಯಿಂದ.

ಥಾಯ್ಲೆಂಡ್: ತಡವಾದಾಗ ಉಳಿಯುವುದು ಬೀಗವೊಂದೇ

ಥಾಯ್ಲೆಂಡಿನ ಅಂಡಮಾನ್ ಸಮುದ್ರ ತೀರದಲ್ಲಿ ಮಿತಿ ಬಂದದ್ದು ನೀರು ಮೂಗಿನ ಮಟ್ಟಕ್ಕೆ ಬಂದಮೇಲೆ. ಕೊ ತಾಚೈ ಎಂಬ ದ್ವೀಪವನ್ನು 2016ರ ಅಕ್ಟೋಬರಿನಿಂದ ಅನಿರ್ದಿಷ್ಟ ಕಾಲ ಮುಚ್ಚಲಾಯಿತು. 2000ದಲ್ಲಿ ಬಂದ ‘ದ ಬೀಚ್’ ಎಂಬ ಹಾಲಿವುಡ್ ಚಿತ್ರದಿಂದ ಹೆಸರಾದ ಮಾಯಾ ಕೊಲ್ಲಿಗೆ ದಿನಕ್ಕೆ ಸುಮಾರು 5,000 ಜನ ನುಗ್ಗುತ್ತಿದ್ದರು. ಅಲ್ಲಿನ ಹವಳದ ಬಹುಭಾಗ ನಾಶವಾಗಿತ್ತು. 2018ರ ಜೂನ್ 1ರಂದು ಅದಕ್ಕೂ ಬೀಗ ಬಿತ್ತು. ಮೊದಲು ಹೇಳಿದ್ದು ನಾಲ್ಕು ತಿಂಗಳು. ಮತ್ತೆ ತೆರೆದದ್ದು 2022ರ ಜನವರಿ 1ರಂದು. ಆ ನಡುವೆ ಹವಳವನ್ನು ನೆಟ್ಟು ಬೆಳೆಸಲಾಯಿತು, ಕಪ್ಪು ತುದಿಯ ರೆಕ್ಕೆಯ ಸಣ್ಣ ಶಾರ್ಕುಗಳು ಕೊಲ್ಲಿಗೆ ಮರಳಿದವು. ಈಗ ಬೋಟುಗಳು ಮುಂಭಾಗಕ್ಕೆ ಬರುವಂತಿಲ್ಲ. ದ್ವೀಪದ ಹಿಂಬದಿಯ ತೇಲುಕಟ್ಟೆಯಲ್ಲಿ ಇಳಿದು ನಡೆದು ಬರಬೇಕು. ಜನರನ್ನು ಸರದಿಯ ಮೇಲೆ ಬಿಡುತ್ತಾರೆ.

ಡೈವರ್‌ಗಳ ಅಚ್ಚುಮೆಚ್ಚಿನ ಸಿಮಿಲಾನ್ ದ್ವೀಪಗಳಿಗೆ 2018ರ ಅಕ್ಟೋಬರಿನಲ್ಲಿ ಮಿತಿ ಬಂತು: ದಿನಕ್ಕೆ 3,325 ಪ್ರವಾಸಿಗರು, 525 ಡೈವರ್‌ಗಳು. ದ್ವೀಪದಲ್ಲಿ ರಾತ್ರಿ ತಂಗುವುದನ್ನು ನಿಲ್ಲಿಸಲಾಯಿತು. ಇಲ್ಲಿ ಗಮನಿಸಬೇಕಾದದ್ದು ಎರಡು ಬೇರೆ ಬೇರೆ ಸಂಖ್ಯೆಗಳನ್ನು. ಮರಳ ದಂಡೆಯಲ್ಲಿ ಕೂತು ಹೋಗುವವರ ಭಾರ ಬೇರೆ, ಸಿಲಿಂಡರ್ ಹೊತ್ತು ಹವಳದ ಬಳಿಗೇ ಹೋಗುವವರ ಭಾರ ಬೇರೆ ಎಂದು ಒಪ್ಪಿಕೊಂಡ ಲೆಕ್ಕ ಅದು.

ಸಮುದ್ರ ಬಿಸಿಯೇರಿದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 2010ರಲ್ಲಿ ಹೀಗೆ ವ್ಯಾಪಕವಾಗಿ ಬಿಳಿಚಿದಮೇಲೆ ಥಾಯ್ಲೆಂಡ್ 2011ರ ಆರಂಭದಲ್ಲಿ ಏಳು ರಾಷ್ಟ್ರೀಯ ಉದ್ಯಾನಗಳ 18 ಡೈವಿಂಗ್ ತಾಣಗಳನ್ನು ಮುಚ್ಚಿತು. ಮಿತಿ ಹಾಕಿದ ಮಾತ್ರಕ್ಕೆ ಸಮುದ್ರದ ಬಿಸಿ ಇಳಿಯುವುದಿಲ್ಲ, ನಿಜ. ಆದರೆ ಜ್ವರ ಬಂದವರ ಮನೆಗೆ ನೆಂಟರು ದಂಡಾಗಿ ಹೋಗದಿದ್ದರೆ ಚೇತರಿಕೆ ಬೇಗ. 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ನಾಲ್ಕನೆಯ ಬಾರಿ ಹವಳ ಬಿಳಿಚುತ್ತಿರುವುದನ್ನು ದೃಢಪಡಿಸಿದರು. ಹೀಗಿರುವಾಗ ಇಂಥ ಬಿಡುವು ಇನ್ನೂ ಮುಖ್ಯ.

ಬೊನೇರ್: ಬಾಗಿಲು ಮುಚ್ಚದೆ ಹಿಡಿತ

ಬೊನೇರ್ ಹಿಡಿದ ದಾರಿ ಬೇರೆ. ಅಲ್ಲಿ ದ್ವೀಪದ ಸುತ್ತಲಿನ ಸಮುದ್ರ 1979ರಿಂದ ಸಂರಕ್ಷಿತ ಉದ್ಯಾನ. ಹವಳದ ಮೇಲೆ ಲಂಗರು ಹಾಕುವಂತಿಲ್ಲ. ಬದಲಿಗೆ ತಳಕ್ಕೆ ಭದ್ರವಾಗಿ ಬಿಗಿದು, ಮೇಲೆ ತೇಲಬಿಟ್ಟ ಬುರುಡೆಗಳಿವೆ. ಬೋಟಿನವರು ಅವಕ್ಕೆ ಹಗ್ಗ ಕಟ್ಟಬೇಕು. ಒಂದು ತಾಣದಲ್ಲಿ ಎಷ್ಟು ಬುರುಡೆಯೋ ಅಷ್ಟೇ ಬೋಟು. ಜನರನ್ನು ಎಣಿಸದೆಯೇ ಸಂಖ್ಯೆ ಹತೋಟಿಗೆ ಬರುತ್ತದೆ. ಬಂದವರು ಮೊದಲ ದಿನ ಅಭ್ಯಾಸದ ಡೈವ್ ಮಾಡಿ, ನೀರಿನಲ್ಲಿ ಹದವಾಗಿ ತೇಲಲು ಬರುತ್ತದೆ ಎಂದು ತೋರಿಸಬೇಕು. ಕೈಗವಸು ತೊಡುವಂತಿಲ್ಲ, ಬರಿಗೈಯವರು ಹವಳ ಮುಟ್ಟಲು ಹಿಂಜರಿಯುತ್ತಾರೆ ಎಂಬ ಸರಳ ತರ್ಕ.

ಹಣದ ವಿಚಾರವೂ ಇದೆ. 1992ರಲ್ಲಿ ಒಬ್ಬ ಡೈವರಿಗೆ ವರ್ಷಕ್ಕೆ 10 ಡಾಲರ್ ಶುಲ್ಕ ಹಾಕಿದಾಗ ಪ್ರವಾಸಿಗರು ಓಡಿಹೋಗುತ್ತಾರೆ ಎಂಬ ಆತಂಕವಿತ್ತು. ಯಾರೂ ಓಡಲಿಲ್ಲ. ಆ ಹಣ ಸರ್ಕಾರದ ಬೊಕ್ಕಸದಲ್ಲಿ ಕರಗದೆ ಉದ್ಯಾನದ ನಿರ್ವಹಣೆಗೇ ಹೋಯಿತು. ಕೊಟ್ಟ ಹಣ ಎಲ್ಲಿ ಹೋಗುತ್ತದೆಂದು ಗೊತ್ತಿದ್ದರೆ ಜನ ಕೊಡುತ್ತಾರೆ.

ಗೈಡಿನ ಒಂದು ಸನ್ನೆ

ನೀರಿಗಿಳಿಯುವ ಮೊದಲು ಹೇಳುವ ನಾಲ್ಕು ಮಾತಿಗೆ ಬೆಲೆ ಇದೆಯೇ? ಈಜಿಪ್ಟಿನ ರಾಸ್ ಮೊಹಮ್ಮದ್ ಉದ್ಯಾನದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹವಳದ ಬಗ್ಗೆ ಚೆನ್ನಾಗಿ ವಿವರಿಸಿ ಹೇಳಿದಮೇಲೆ ಏಳು ನಿಮಿಷಕ್ಕೆ ಸರಾಸರಿ 1.4 ಸಲ ತಗಲುತ್ತಿದ್ದ ಡೈವರ್‌ಗಳು 0.4ಕ್ಕೆ ಇಳಿದರು. ಆದರೆ 2004ರಲ್ಲಿ ಸೇಂಟ್ ಲೂಸಿಯ ದ್ವೀಪದಿಂದ ಬಂದ ಅಧ್ಯಯನ ಬೇರೆ ಮಾತು ಹೇಳಿತು. ಅಲ್ಲಿ ಬೋಟಿನ ಮೇಲೆ ಹೇಳಿದ ಒಂದೆರಡು ಚುಟುಕು ಮಾತಿನಿಂದ ಏನೂ ಬದಲಾಗಲಿಲ್ಲ. ಯಾರಾದರೂ ಹವಳಕ್ಕೆ ತಗಲಿದ ಕೂಡಲೇ ಗೈಡ್ ನೀರಿನಲ್ಲೇ ಸನ್ನೆ ಮಾಡಿ ತಿದ್ದಿದಾಗ ಮಾತ್ರ ತಗಲುವಿಕೆ ಗಣನೀಯವಾಗಿ ತಗ್ಗಿತು: ಬೋಟಿನಿಂದ ಇಳಿದವರಲ್ಲಿ 40 ನಿಮಿಷಕ್ಕೆ 5.4ರಿಂದ 1ಕ್ಕೆ. ಕ್ಯಾಮೆರಾ ಹಿಡಿದವರು ಉಳಿದವರಿಗಿಂತ ಹೆಚ್ಚು ತಗಲುತ್ತಿದ್ದರು ಎಂಬುದೂ ಅದರಲ್ಲಿ ಗೊತ್ತಾಯಿತು.

ಇದರರ್ಥ ಏನು? ಹತ್ತು ಜನರನ್ನು ಒಬ್ಬ ಗೈಡ್ ಕರೆದೊಯ್ದರೆ ಅವರ ಕಣ್ಣು ಎಲ್ಲರ ಮೇಲೂ ಇರಲಾರದು. ನಾಲ್ಕು ಜನಕ್ಕೆ ಒಬ್ಬರಿದ್ದರೆ ಇರುತ್ತದೆ. ಒಂದೇ ಸಂಖ್ಯೆಯ ಪ್ರವಾಸಿಗರು, ಗೈಡ್ ಹೇಗಿದ್ದಾರೆ ಎನ್ನುವುದರ ಮೇಲೆ ಐದು ಪಟ್ಟು ಹೆಚ್ಚು ಹಾನಿಯನ್ನೂ ಮಾಡಬಹುದು, ಐದು ಪಟ್ಟು ಕಡಿಮೆ ಹಾನಿಯನ್ನೂ ಮಾಡಬಹುದು. ತಲೆ ಎಣಿಸುವ ಕಾನೂನು ಗೈಡಿನ ತರಬೇತಿ, ಸಂಬಳ, ಗುಂಪಿನ ಗಾತ್ರ ಇವುಗಳ ಬಗ್ಗೆ ಸುಮ್ಮನಿದ್ದರೆ ಪ್ರಯೋಜನ ಕಡಿಮೆ.

ನಮ್ಮ ಕರಾವಳಿಯ ಮಾತು

ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ, ಆನೆಗಳಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಮುರಿದ ತುಂಡನ್ನು ನೆನಪಿಗೆಂದು ಮನೆಗೆ ತರುವುದು ಅಪರಾಧ. ಮಾಲ್ವಣದ ಸಮುದ್ರ ಅಭಯಾರಣ್ಯ ಇನ್ನೂ ಹಳೆಯದು, ಸಿಂಧುದುರ್ಗ ಕೋಟೆಯ ಸುತ್ತಲಿನ ಸುಮಾರು 29 ಚದರ ಕಿಲೋಮೀಟರ್ ಪ್ರದೇಶವನ್ನು 1987ರಲ್ಲೇ ಘೋಷಿಸಲಾಗಿತ್ತು. ಆದರೂ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನ, ಮನರಂಜನೆಯ ಡೈವಿಂಗ್‌ನಿಂದ ಅಲ್ಲಿನ ಹವಳಕ್ಕೆ ಆಗಿರುವ ಹಾನಿಯನ್ನು ದಾಖಲಿಸಿದೆ. ಕಾಗದದ ಮೇಲಿನ ಅಭಯಾರಣ್ಯಕ್ಕೂ ನೀರಿನೊಳಗಿನ ಅಭಯಕ್ಕೂ ಇರುವ ಅಂತರ ಅದು.

ನಮ್ಮ ಕಡೆಯ ಡೈವಿಂಗ್‌ಗೆ ಒಂದು ವಿಶೇಷವಿದೆ. ಸಿಪಾಡಾನ್‌ಗೆ ಹೋಗುವವರು ಬಹುಪಾಲು ತರಬೇತಿ ಮುಗಿಸಿದವರು. ಮಾಲ್ವಣ, ಗೋವಾದ ಗ್ರಾಂಡೆ ದ್ವೀಪ, ನೇತ್ರಾಣಿಗಳಲ್ಲಿ ಇಳಿಯುವವರು ಹೆಚ್ಚಾಗಿ ಜೀವನದಲ್ಲಿ ಮೊದಲ ಸಲ ಇಳಿಯುವವರು, ಎಷ್ಟೋ ಮಂದಿಗೆ ಈಜೂ ಬಾರದು. ಅವರನ್ನು ಆಳವಿಲ್ಲದ ಕಡೆ, ಗೈಡ್ ಕೈಹಿಡಿದು ಕರೆದೊಯ್ಯಬೇಕು. ದಿನವೂ ಅದೇ ಕೆಲವು ಚದರ ಮೀಟರ್ ಜಾಗಕ್ಕೆ ಎಲ್ಲ ಕಾಲುಗಳೂ ಹೋಗುತ್ತವೆ. ಹೀಗಾಗಿ ಮೊದಲ ಸಲದವರಿಗೆ ಹವಳವಿಲ್ಲದ ಮರಳು ತಳದ ಜಾಗವೊಂದನ್ನು ಗೊತ್ತುಮಾಡುವುದು ನಮ್ಮ ಕರಾವಳಿಗೆ ಒಪ್ಪುವ ಮೊದಲ ಹೆಜ್ಜೆ. ಮೀನು ಅಲ್ಲಿಗೂ ಬರುತ್ತವೆ. ಹೊಸಬರ ಸಂತೋಷವೇನೂ ಕಡಿಮೆಯಾಗದು.

ಸರದಿಯ ಪದ್ಧತಿಗೆ ನಮ್ಮ ದೇಶದಲ್ಲೇ ಮಾದರಿಯಿದೆ. ಅಂಡಮಾನಿನ ವಂಡೂರಿನಲ್ಲಿರುವ ಮಹಾತ್ಮಾ ಗಾಂಧಿ ಸಮುದ್ರ ರಾಷ್ಟ್ರೀಯ ಉದ್ಯಾನದಲ್ಲಿ ಜಾಲಿಬಾಯ್ ಮತ್ತು ರೆಡ್‌ಸ್ಕಿನ್ ದ್ವೀಪಗಳನ್ನು ಒಂದಾದಮೇಲೊಂದರಂತೆ ತೆರೆಯುತ್ತಾರೆ. ಒಂದಕ್ಕೆ ಜನ ಹೋಗುವಾಗ ಇನ್ನೊಂದಕ್ಕೆ ಬಿಡುವು. ಹೊಲವನ್ನು ಒಂದು ಬೆಳೆಗೆ ಬೀಳು ಬಿಡುವ ನಮ್ಮ ರೈತರಿಗೆ ಈ ಉಪಾಯ ಹೊಸದಲ್ಲ.

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ದ್ವೀಪ. ಬಿಳಿಹೊಟ್ಟೆಯ ಕಡಲ ಹದ್ದುಗಳ ನೆಲೆ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತ ಬಂದ ಜಾಗವೂ ಹೌದು. ಸಿಪಾಡಾನ್‌ಗೆ ಇರುವ ಅನುಕೂಲ ಇದಕ್ಕೂ ಇದೆ: ದ್ವೀಪದ ಮೇಲೆ ಹೋಟೆಲುಗಳಿಲ್ಲ, ಡೈವರ್‌ಗಳು ದಡದಿಂದ ಬೋಟಿನಲ್ಲೇ ಬರಬೇಕು. ದಡದಲ್ಲಿ ಎಣಿಸಿದರೆ ದ್ವೀಪದಲ್ಲಿ ಎಣಿಸಿದಂತೆಯೇ. ಯಾವ ತಾಣಕ್ಕೆ ದಿನಕ್ಕೆ ಎಷ್ಟು ಡೈವ್ ಎಂದು ಬರೆದಿಡುವ ಒಂದು ಪುಸ್ತಕ, ಲಂಗರಿನ ಬದಲು ಕೆಲವು ತೇಲುಬುರುಡೆಗಳು, ಗೈಡಿಗೆ ಇಷ್ಟೇ ಜನ ಎಂಬ ಕಟ್ಟುನಿಟ್ಟು: ಇವಕ್ಕೆ ದೊಡ್ಡ ಖರ್ಚಿಲ್ಲ. ಮಾಯಾ ಕೊಲ್ಲಿಯಂತೆ ಮೂರೂವರೆ ವರ್ಷ ಬೀಗ ಹಾಕುವುದಕ್ಕಿಂತ ಇದು ಊರಿಗೂ ಅಗ್ಗ.

ಮಿತಿಯ ಹೊರೆ ಯಾರಿಗೆ?

ಮಿತಿ ಬಂದ ಕಡೆಯಲ್ಲೆಲ್ಲ ಮೊದಲು ಏಟು ಬೀಳುವುದು ಸಣ್ಣವರಿಗೆ. ಸಿಮಿಲಾನ್‌ನಲ್ಲಿ ಬೋಟಿನವರು ಪ್ರತಿಭಟಿಸಿದರು, ನೀಲಗಿರಿಯಲ್ಲಿ ವರ್ತಕರು. ಪರ್ಮಿಟ್ ಹಂಚುವ ಪದ್ಧತಿ ಸರಿಯಿಲ್ಲದಿದ್ದರೆ ದೊಡ್ಡ ಸಂಸ್ಥೆಗಳು ಅವನ್ನು ಮುಂಚೆಯೇ ಬಾಚಿಕೊಳ್ಳುತ್ತವೆ, ಒಂದೇ ಬೋಟು ಇಟ್ಟುಕೊಂಡವರು ಕೈಕಟ್ಟಿ ಕೂರುತ್ತಾರೆ. ಬೆಲೆ ಏರಿಸಿ ಜನರನ್ನು ತಗ್ಗಿಸಿದರೆ ಕಡಲು ಉಳ್ಳವರ ಸೊತ್ತಾಗುತ್ತದೆ. ನಮ್ಮ ಕರಾವಳಿಯಲ್ಲಿ ಈಗ ಡೈವಿಂಗ್ ಬೋಟು ಓಡಿಸುವವರಲ್ಲಿ, ನೀರಿಗಿಳಿಸುವವರಲ್ಲಿ ಮೀನುಗಾರ ಮನೆತನದ ಹುಡುಗರೂ ಇದ್ದಾರೆ. ಬಲೆಗೆ ಮೀನು ಕಡಿಮೆಯಾದ ಕಾಲದಲ್ಲಿ ಇದು ಅವರ ಅನ್ನ.

ಆದರೆ ಅದೇ ಅನ್ನ ಹವಳದ ಮೇಲೆ ನಿಂತಿದೆ. ಹವಳ ಹೋದರೆ ಮೀನಿಗೆ ಮರಿ ಬಿಡುವ ತಾವು ಹೋಗುತ್ತದೆ. ಡೈವಿಂಗ್ ಜೊತೆಗೆ ಬಲೆಯೂ ಬರಿದಾಗುತ್ತದೆ. ಆದ್ದರಿಂದ ಮಿತಿ ಹಾಕುವ ಸಭೆಯಲ್ಲಿ ಅಧಿಕಾರಿಗಳು, ವಿಜ್ಞಾನಿಗಳ ಜೊತೆ ಬೋಟಿನವರೂ ಕೂರಬೇಕು. ಪರ್ಮಿಟ್ಟಿನಲ್ಲಿ ಸ್ಥಳೀಯರಿಗೆ ಪಾಲು ಮೀಸಲಿರಬೇಕು. ಶುಲ್ಕದ ಹಣ ಎಲ್ಲಿ ಹೋಯಿತೆಂದು ವರ್ಷಕ್ಕೊಮ್ಮೆ ಊರಿಗೆ ಹೇಳಬೇಕು. ಹೀಗೆ ಹಾಕಿದ ಮಿತಿಯನ್ನು ಕಾಯಲು ಪೊಲೀಸರು ಬೇಕಾಗುವುದು ಕಡಿಮೆ, ಊರವರೇ ಕಾಯುತ್ತಾರೆ.

ನೀವು ಹೊರಡುವ ಮುನ್ನ

ಈ ರಜೆಗೆ ಕಡಲಿಗಿಳಿಯುವ ಯೋಚನೆ ಇರುವ ಸದಸ್ಯರು ಬುಕ್ ಮಾಡುವ ಮೊದಲು ಈ ಪ್ರಶ್ನೆಗಳನ್ನು ಕೇಳಬಹುದು:

• ಒಬ್ಬ ಗೈಡಿಗೆ ನೀರಿನಲ್ಲಿ ಎಷ್ಟು ಜನ? ಮೊದಲ ಸಲದವರಿಗೆ ಒಬ್ಬರಿಗೊಬ್ಬರು ಗೈಡ್ ಇದ್ದರೆ ಉತ್ತಮ.

• ಬೋಟು ಲಂಗರು ಎಲ್ಲಿ ಹಾಕುತ್ತದೆ? ತೇಲುಬುರುಡೆಗೆ ಕಟ್ಟುತ್ತದೆಯೋ, ಹವಳದ ಮೇಲೆ ಎಸೆಯುತ್ತದೆಯೋ?

• ನಮ್ಮನ್ನು ಇಳಿಸುವ ಜಾಗದ ತಳ ಮರಳೋ, ಹವಳವೋ?

• ಸರ್ಕಾರದ ಅನುಮತಿ ಇದೆಯೇ? ಶುಲ್ಕಕ್ಕೆ ರಸೀದಿ ಕೊಡುತ್ತೀರಾ?

ನೀರಿನಲ್ಲಿದ್ದಾಗ ಹವಳದ ಮೇಲೆ ನಿಲ್ಲಬೇಡಿ, ಏನನ್ನೂ ಹಿಡಿಯಬೇಡಿ, ಮೀನಿಗೆ ಬ್ರೆಡ್ಡು ಬಿಸ್ಕತ್ತು ಹಾಕಬೇಡಿ. ಮೊದಲ ಡೈವ್‌ನಲ್ಲಿ ಕ್ಯಾಮೆರಾ ಗೈಡಿನ ಕೈಯಲ್ಲಿರಲಿ. ಹವಳಕ್ಕೆ ಹಾನಿ ಮಾಡುವ ಸನ್‌ಸ್ಕ್ರೀನ್ ಕ್ರೀಮುಗಳನ್ನು ಪಲಾವ್ ದೇಶ 2020ರ ಜನವರಿ 1ರಿಂದಲೇ ನಿಷೇಧಿಸಿದೆ. ಕ್ರೀಮಿನ ಬದಲು ತುಂಬುತೋಳಿನ ಈಜುಡುಗೆ ತೊಟ್ಟರೆ ಬಿಸಿಲಿಗೂ ಆಯಿತು, ಕಡಲಿಗೂ ಒಳ್ಳೆಯದು. ‘ಇವತ್ತಿಗೆ ಭರ್ತಿಯಾಗಿದೆ, ನಾಳೆ ಬನ್ನಿ’ ಎಂದು ಯಾರಾದರೂ ಹೇಳಿದರೆ ಬೇಸರಿಸಿಕೊಳ್ಳದೆ, ಅಂಥವರಲ್ಲೇ ನಾಳೆಗೆ ಬುಕ್ ಮಾಡಿ. ಇಲ್ಲ ಎನ್ನುವವರ ವ್ಯಾಪಾರ ಉಳಿದರೆ ಮಾತ್ರ ಹವಳ ಉಳಿಯುತ್ತದೆ.

ಮಾಲ್ವಣ, ಗೋವಾ, ಮುರುಡೇಶ್ವರಗಳಲ್ಲಿ ಈಗಾಗಲೇ ಕಡಲಿಗಿಳಿದು ಬಂದ ಸದಸ್ಯರು, ಮಿತಿಯ ದಿನಗಳನ್ನು ಹತ್ತಿರದಿಂದ ಕಂಡ ನೀಲಗಿರಿಯ ಸದಸ್ಯರು ತಮ್ಮ ಅನುಭವ ಬರೆದು ಕಳುಹಿಸಿದರೆ ಉಳಿದ ಊರುಗಳವರಿಗೂ ಉಪಯೋಗವಾದೀತು.